ಅಂಬಲಿ ಡಬರಿಗೆ ಕುಂಚಿಗಿ: ರಾಯಚೂರಿನ ಒಂದು ಅಡುಗೆಮನೆ ಪ್ರಕರಣ

ಏಪ್ರಿಲ್ ಮೊದಲ ವಾರ. ಬೆಳಗಿನ ಐದಕ್ಕೆ ಅಕ್ಕನ ಮಗನ ಫೋನು. "ಮಾಮಾ, ಡಬರಿಗೆ ಸುತ್ತಿದ್ದೆಲ್ಲಾ ಕರಗಿ ಕೆಳಗ ಇಳಿದದ. ಮನಿ ತುಂಬ ನಾತ. ಅವ್ವ ಬೈಲಿಕತ್ತಾಳ, ಸ್ವಲ್ಪ ಬರ್ರಿ."

ಹೋಗಿ ನೋಡಿದೆ. ಗ್ಯಾಸ್ ಭಟ್ಟಿಯ ಮೇಲೆ 50 ಲೀಟರಿನ ಸ್ಟೀಲ್ ಡಬರಿ. ಅದರ ಹೊಟ್ಟೆಗೆ ಬೆಳ್ಳಿ ಬಣ್ಣದ ಬಬಲ್ ಹಾಳೆ ಸುತ್ತಿದ್ದ. ಕಾರಿನ ಗಾಜಿಗೆ ಬಿಸಿಲು ತಡೆಯಲು ಇಡುತ್ತಾರಲ್ಲ, ಆ ಥರದ್ದು. ಕೆಳಗಿನ ಒಂದು ಗೇಣು ಹಾಳೆ ಮುದುಡಿ, ಕರ್ರಗಾಗಿ, ಬರ್ನರಿನ ಮೇಲೆ ತೊಟ್ಟಿಕ್ಕಿತ್ತು. ಒಳಗೆ 40 ಲೀಟರ್ ಅಂಬಲಿ. ಒಂದು ಚಮಚ ಬಾಯಿಗೆ ಹಾಕಿದ ಅಕ್ಕ ಮಾತಾಡದೆ ಉಗುಳಿದಳು. ಅಷ್ಟೂ ಮೋರಿಗೆ ಹೋಯಿತು.

ನನ್ನನ್ನೇ ಕರೆದದ್ದಕ್ಕೆ ಕಾರಣ ಇದೆ. ಶಕ್ತಿನಗರದ ಥರ್ಮಲ್ ಸ್ಟೇಷನ್ನಿನಲ್ಲಿ ಬಹಳ ವರ್ಷ ಗುತ್ತಿಗೆದಾರರ ಕೈಕೆಳಗೆ ಇನ್ಸುಲೇಷನ್ ಕೆಲಸ, ಅಂದರೆ ಬಿಸಿ ಹೊರಗೆ ಹೋಗದ ಹಾಗೆ ಹೊದಿಸುವ ಕೆಲಸ, ಮಾಡಿಸಿದವನು ನಾನು. ಪೈಪಿಗೆ ಹಾಸಿಗೆ ಹೊದಿಸುವವರು ಅಂತ ನಮ್ಮನ್ನು ತಮಾಷೆ ಮಾಡುತ್ತಿದ್ದರು. 1985ರಲ್ಲಿ ಮೊದಲ ಘಟಕ ಶುರುವಾದ ಸ್ಟೇಷನ್ ಅದು. ಅಲ್ಲಿ ಹಬೆ ಹರಿಯುವುದು 540 ಡಿಗ್ರಿ ಆಸುಪಾಸಿನಲ್ಲಿ. ಹೊದಿಸಿದ ಮೇಲೆ ಹೊರಮೈ 60 ಡಿಗ್ರಿ ದಾಟಬಾರದು ಅನ್ನೋದು ನಮ್ಮ ಲೆಕ್ಕ. ಇಲ್ಲಿ ಅಕ್ಕನ ಮನೆಯಲ್ಲಿ ಡಬರಿಯ ಒಳಗೆ ಇರಬೇಕಾದದ್ದೇ 65! ಸುಲಭದ ಕೆಲಸ ಅಂದುಕೊಂಡೆ. ಮೊದಲ ಸಲ ನಾನೂ ತಪ್ಪೇ ಮಾಡಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಹುಡುಗ ಮಾಡುತ್ತಿದ್ದದ್ದು ಏನು?

ಬೇಸಿಗೆಯಲ್ಲಿ ಸ್ಟೇಷನ್ ರಸ್ತೆ ಕಡೆ ಗಾಡಿ ನಿಲ್ಲಿಸಿ ಅಂಬಲಿ ಮಾರುತ್ತಾನೆ. ಮಜ್ಜಿಗೆ, ಉಳ್ಳಾಗಡ್ಡಿ ಹಾಕಿದ್ದು ಒಂದು, ಬೆಲ್ಲ ಏಲಕ್ಕಿ ಹಾಕಿದ್ದು ಒಂದು. ಜೋಳದ ಅಂಬಲಿಯ ಕಷ್ಟ ಎಲ್ಲರಿಗೂ ಗೊತ್ತು. ಹಿಟ್ಟು ಜಾಸ್ತಿ ಹಾಕಿದರೆ ಆರಿದ ಮೇಲೆ ಮುದ್ದೆ, ಕಡಿಮೆ ಹಾಕಿದರೆ ಬರೀ ನೀರು. ಅದಕ್ಕೆ ಇವನು ಒಂದು ಉಪಾಯ ಹಿಡಿದಿದ್ದ. ಜೋಳದ ಹಿಟ್ಟು ಕುದಿಸಿ ಗಂಜಿ ಮಾಡಿ, ಅದು 65 ಡಿಗ್ರಿ ಹತ್ತಿರ ಬಂದಾಗ ಮೊಳಕೆ ಬರಿಸಿ ಒಣಗಿಸಿದ ರಾಗಿಯ ಹಿಟ್ಟು ಕಲಸಿ ಒಂದು ತಾಸು ಬಿಡೋದು. ರಾಗಿ ಮೊಳಕೆಯಲ್ಲಿರುವ ಎಂಜೈಮ್ ಗಂಜಿಯ ಪಿಷ್ಟವನ್ನು ಕತ್ತರಿಸುತ್ತದೆ. ಗಟ್ಟಿ ಗಂಜಿ ಕಣ್ಣೆದುರಿಗೇ ತೆಳ್ಳಗಾಗಿ, ಬೆಲ್ಲ ಹಾಕದಿದ್ದರೂ ನಾಲಿಗೆಗೆ ಸ್ವಲ್ಪ ಸಿಹಿ ಹತ್ತುತ್ತದೆ.

ಜೋಳವನ್ನೇ ಯಾಕೆ ಮೊಳಕೆ ಬರಿಸಬಾರದು ಅಂತ ಕೇಳಿದೆ. ಅಕ್ಕ ಬಿಲ್ಕುಲ್ ಬೇಡ ಅಂದಿದ್ದಳಂತೆ. ಸರಿಯಾಗೇ ಹೇಳಿದ್ದಾಳೆ. ಎಳೆ ಜೋಳ ಮೇಯ್ದು ದನ ಸತ್ತದ್ದನ್ನು ನಮ್ಮ ಕಡೆ ನೋಡದವರು ಕಡಿಮೆ. ಜೋಳದ ಮೊಳಕೆಯಲ್ಲೂ ಅದೇ ಸಯನೈಡ್ ಕೊಡುವ ವಸ್ತು ಇರುತ್ತದೆ. ಮೊಳಕೆ, ಬೇರು ಪೂರ್ತಿ ಉಜ್ಜಿ ತೆಗೆಯಬೇಕು. ರಾಗಿಗೆ ಆ ತಾಪತ್ರಯ ಇಲ್ಲ.

ಒಂದು ತಾಸು 65 ಡಿಗ್ರಿಯಲ್ಲಿ ಹಿಡಿದಿಡುವ ಈ ಕೆಲಸವನ್ನೇ ಮನೆಯಲ್ಲಿ ಬಿಯರ್ ಮಾಡುವ ವಿದೇಶದವರು ಬಾರ್ಲಿ ಮೊಳಕೆಯಲ್ಲಿ ಮಾಡುತ್ತಾರೆ. ಅಮೆರಿಕದಲ್ಲಿ 1978ರ ಒಂದು ಕಾಯ್ದೆಯಿಂದ ಮನೆಬಳಕೆಗೆ ಬಿಯರ್ ಮಾಡಿಕೊಳ್ಳಲು ಅನುಮತಿ ಸಿಕ್ಕಿತು. ನಮ್ಮಲ್ಲಿ ಹಾಗಲ್ಲ, 1965ರ ಅಬಕಾರಿ ಕಾಯ್ದೆ ಇದೆ. ಲೈಸೆನ್ಸ್ ಇಲ್ಲದೆ ಹುದುಗಿಸಿ ಮದ್ಯ ಮಾಡುವಂತಿಲ್ಲ. ಹುಡುಗನಿಗೂ ಅದು ಬೇಕಿಲ್ಲ. ಆದರೆ ಡಬರಿ ತಣ್ಣಗಾಗದ ಹಾಗೆ ಏನು ಸುತ್ತಬೇಕು ಅನ್ನೋ ಬುದ್ಧಿಯನ್ನು ಆ ಬಿಯರ್ ಮಾಡುವವರಿಂದಲೇ ತಗೊಂಡಿದ್ದ. ಎಡವಟ್ಟಾದದ್ದು ಅಲ್ಲೇ. ಅವರಲ್ಲಿ ಸುಮಾರು ಜನರ ಪಾತ್ರೆಯ ಒಳಗೆ ಕರೆಂಟ್ ಕಾಯಿಲ್ ಇರುತ್ತದೆ. ಹೊರಗೆ ಬೆಂಕಿಯೇ ಇಲ್ಲ. ಸುತ್ತಿದ್ದು ಸುತ್ತಿದ ಹಾಗೇ ಇದ್ದರೂ ನಡೆಯುತ್ತದೆ. ನಮ್ಮದು ಭಟ್ಟಿ. ಉರಿ ತಳಕ್ಕೆ ಬಡಿದು, ಬಿಸಿ ಗಾಳಿ ಡಬರಿಯ ಹೊಟ್ಟೆ ಸವರಿಕೊಂಡೇ ಮೇಲೆ ಹೋಗುತ್ತದೆ. ಆ ಬಬಲ್ ಹಾಳೆಯ ಪಾಲಿಥಿನ್ ಕರಗೋದು 110 ಡಿಗ್ರಿ ಹತ್ತಿರ. ಆ ಗಾಳಿ ಅದಕ್ಕಿಂತ ಎಷ್ಟೋ ಬಿಸಿ. ತಾಸು ಮುಗಿದ ಮೇಲೆ ಅಂಬಲಿಯನ್ನು ಕೊನೆ ಸಲ ಕುದಿಸಲು ಇವನು ಹಾಳೆ ಬಿಚ್ಚದೆ ಉರಿ ಹಚ್ಚಿದ್ದ.

ನನ್ನ ತಪ್ಪು

ಮರುದಿನ ನಾನು ಹಳೇ ಗೆಳೆಯರ ಹತ್ತಿರ ಒಂದು ತುಂಡು ಎಲ್‌ಆರ್‌ಬಿ ಮ್ಯಾಟ್ರೆಸ್ ಇಸಗೊಂಡು ಬಂದೆ. ರಾಕ್‌ವೂಲ್ ಅಂದರೆ ಕಲ್ಲು ಕರಗಿಸಿ ತೆಗೆದ ಎಳೆಗಳ ಹಾಸಿಗೆ, ಒಂದು ಮೈಗೆ ತಂತಿ ಜಾಳಿಗೆ ಹೊಲಿದದ್ದು. ಉರಿ ಬಡಿದರೂ ಏನೂ ಆಗೋದಿಲ್ಲ. ಬೀಗುತ್ತಾ ಕಟ್ಟಿಕೊಟ್ಟೆ.

ಎರಡೇ ದಿನ. ಅಕ್ಕನ ಮುಂಗೈ ತುಂಬ ತುರಿಕೆ. ಗಂಜಿ ಉಕ್ಕಿ ಹಾಸಿಗೆಗೆ ಇಳಿದು, ಹಿಂಡಿದರೆ ನೀರು ಬರುವ ಹಾಗಾಗಿತ್ತು. ಬೆಳಕಿಗೆ ಹಿಡಿದರೆ ಸಣ್ಣ ಎಳೆಗಳು ಹಾರೋದು ಕಾಣುತ್ತಿತ್ತು. ಅಡುಗೆಮನೆಯಲ್ಲಿ! ಶಕ್ತಿನಗರದಲ್ಲಿ ಅದರ ಮೇಲೆ ಅಲ್ಯೂಮಿನಿಯಂ ತಗಡಿನ ಕ್ಲ್ಯಾಡಿಂಗ್ ಬರುತ್ತದೆ, ಜಾಯಿಂಟಿಗೆ ಸ್ಕ್ರೂ ಬೀಳುತ್ತದೆ, ಯಾರೂ ದಿನಾ ಬಿಚ್ಚಿ ತೊಳೆಯೋದಿಲ್ಲ. "ತಮ್ಮಾ, ಇದು ನಿನ್ನ ಫ್ಯಾಕ್ಟ್ರಿಗೆ ಛೊಲೊ, ನನ್ನ ಅಡಗಿಮನಿಗೆ ಅಲ್ಲ" ಅಂತ ಅಕ್ಕ ಹೊರಗೆ ಎಸೆದಳು. 540 ಡಿಗ್ರಿಯ ಮದ್ದನ್ನು 65 ಡಿಗ್ರಿಯ ರೋಗಕ್ಕೆ ಕೊಟ್ಟಿದ್ದೆ.

ಆಮೇಲೆ ಸುಮ್ನೆ ಕೂತು, ಮೊದಲು ಮಾಡಬೇಕಿದ್ದ ಕೆಲಸ ಮಾಡಿದೆ. ಬಿಸಿ ಎಲ್ಲಿಂದ ಹೋಗುತ್ತಿದೆ ಅಂತ ನೋಡಿದೆ.

ಥರ್ಮಾಮೀಟರ್ ಹಿಡಿದು ಕೂತ ಬೆಳಗು

ಹುಡುಗನ ಹತ್ತಿರ ಕಡ್ಡಿ ಇಳಿಬಿಡುವ ಡಿಜಿಟಲ್ ಥರ್ಮಾಮೀಟರ್ ಇತ್ತು. "ಇದು ಕೆಟ್ಟದ ಮಾಮಾ, ಕುದಿಯೋ ನೀರಾಗ 100 ತೋರ್ಸಂಗಿಲ್ಲ" ಅಂದ. ಕೆಟ್ಟಿರಲಿಲ್ಲ. ರಾಯಚೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯೋದೇ 99ರ ಒಳಗೆ.

ಬೆಳಗಿನ ಮೂರಕ್ಕೆ ಅವನ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತೆ. ಅವನು 23 ಲೀಟರಿನಷ್ಟು ಗಟ್ಟಿ ಗಂಜಿ ಕುದಿಸಿ, ಗ್ಯಾಸ್ ಆರಿಸಿ, 14 ಲೀಟರ್ ತಣ್ಣೀರು ಹೊಯ್ದ. 70ಕ್ಕೆ ಬಂತು. ಜಾಣತನ, ಯಾಕಂದ್ರೆ 97ರಿಂದ ತಾನಾಗಿ ಇಳಿಯಲಿ ಅಂತ ಕಾದರೆ ಬೆಳಗಾಗುತ್ತದೆ. ಆಮೇಲೆ ಒಂದೂವರೆ ಕೆಜಿ ರಾಗಿ ಹಿಟ್ಟನ್ನು ಮೂರು ಲೀಟರ್ ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ ಸುರಿದ. ನಾನು ಥರ್ಮಾಮೀಟರ್ ನೋಡುತ್ತಿದ್ದೆ. 69 ಇದ್ದದ್ದು ಒಂದೇ ನಿಮಿಷದಲ್ಲಿ 65ರ ಆಸುಪಾಸು. ಏನು ಸುತ್ತಿದರೂ ತಡೆಯಲಾಗದ ಇಳಿತ ಇದು. ತಣ್ಣಗಿನದು ಸುರಿದರೆ ಇಳಿಯಲೇಬೇಕು. ಇಷ್ಟು ದಿನ ಅವನು 65ಕ್ಕೆ ಬರೋತನಕ ಕಾದು ಹಿಟ್ಟು ಹಾಕುತ್ತಿದ್ದ. ಅಂದರೆ ಶುರುವಾಗುವ ಹೊತ್ತಿಗೇ 61–62. ಬೈಗುಳ ಮಾತ್ರ ಡಬರಿಗೆ.

ಎರಡನೇದು ಮುಚ್ಚಳ. ಹಿಟ್ಟು ಹಾಕಿ ಮುಚ್ಚಿ ಬಿಡಪ್ಪಾ ಅಂದರೆ ಕೇಳಬೇಕಲ್ಲ. ಎರಡೆರಡು ನಿಮಿಷಕ್ಕೆ ತೆಗೆದು ತಿರುವೋದು, ಇಣುಕೋದು, ಮುಚ್ಚಳ ಪಕ್ಕದಲ್ಲೇ ಮರೆಯೋದು. ಆ ತಾಸಿನಲ್ಲಿ ಹೆಚ್ಚುಕಡಿಮೆ ಡಬರಿ ಬಾಯಿ ತೆರೆದೇ ಇತ್ತು. ಮುಗಿಯುವ ಹೊತ್ತಿಗೆ 57.

ಮೂರನೇದೇ ಅಸಲಿ ನಷ್ಟ. 57 ನೋಡಿದ ಕೂಡಲೇ ಅವನು ಗಾಬರಿಯಾಗಿ, ಮತ್ತೆ 65ಕ್ಕೆ ತಂದು ಇನ್ನಷ್ಟು ಹೊತ್ತು ಬಿಡೋಣ ಅಂತ ಭಟ್ಟಿ ಹಚ್ಚುತ್ತಾನೆ. ಗಟ್ಟಿ ಗಂಜಿ, ಕೆಳಗೆ ಜೋರು ಉರಿ. ಮೇಲೆ 63 ತೋರಿಸುವಾಗ ತಳದ ಪದರ ಕುದಿಯುತ್ತಿರುತ್ತದೆ. ಎಂಜೈಮ್ ಅನ್ನೋದು ನಾಜೂಕಿನ ವಸ್ತು. ಸಿಹಿ ಮಾಡುವ ಒಂದು ಬಗೆ 70 ದಾಟಿದರೆ ಬೇಗ ಸಾಯುತ್ತದೆ, ತೆಳ್ಳಗೆ ಮಾಡುವ ಇನ್ನೊಂದೂ 80ರ ಮೇಲೆ ಬಹಳ ಹೊತ್ತು ತಾಳೋದಿಲ್ಲ. ತಿರುವಿದಂಗೆಲ್ಲಾ ಸ್ವಲ್ಪ ಸ್ವಲ್ಪವಾಗಿ ಎಲ್ಲವೂ ಆ ಬಿಸಿ ತಳ ಮುಟ್ಟಿ ಬರುತ್ತದೆ. ಒಂದಿನ ತೆಳ್ಳಗೆ ಸಿಹಿ, ಒಂದಿನ ಮುದ್ದೆ, ಒಂದಿನ ತಳ ಹತ್ತಿದ ವಾಸನೆ ಅಂತ ಗಿರಾಕಿಗಳು ಅಂದದ್ದು ಇದಕ್ಕೇ.

ಇನ್ಸುಲೇಷನ್ ಬೇಕಾದದ್ದು ನಡುವೆ ಭಟ್ಟಿ ಹಚ್ಚುವ ಪ್ರಸಂಗ ಬರದಿರಲಿ ಅಂತ. ಗ್ಯಾಸ್ ಉಳಿಸೋಕೆ ಅಲ್ಲವೇ ಅಲ್ಲ. ಲೆಕ್ಕ ಹಾಕಿ ತೋರಿಸಿದೆ. ಎಲ್‌ಪಿಜಿಯ ಒಂದು ಕೆಜಿಯಲ್ಲಿ ಸುಮಾರು 46 ಮೆಗಾಜೌಲ್ ಶಾಖ ಇದೆ, ಭಟ್ಟಿಯಲ್ಲಿ ಅರ್ಧ ಗಾಳಿಗೆ ಹೋಗುತ್ತದೆ ಅಂತಲೇ ಇಟ್ಟುಕೊಳ್ಳಿ. ಮೊದಲ ಸಲ ಗಂಜಿ, ಕೊನೆಗೆ ಅಂಬಲಿ, ಎರಡು ಸಲ ಕುದಿಸಲು ದಿನಕ್ಕೆ ಅರ್ಧ ಕೆಜಿ ಗ್ಯಾಸ್ ಬೇಕು. ಆ ಒಂದು ತಾಸಿನಲ್ಲಿ ಮುಚ್ಚಳ ಮುಚ್ಚಿದರೆ ಉಳಿಯೋದು 35 ಗ್ರಾಂ ಹತ್ತಿರ. ಮೇಲೆ ಜಾಕೆಟ್ ಹಾಕಿದರೆ ಇನ್ನೊಂದು 15–16 ಗ್ರಾಂ. ತಿಂಗಳಿಗೆ ಅರ್ಧ ಕೆಜಿ. 19 ಕೆಜಿ ಸಿಲಿಂಡರಿನಲ್ಲಿ ಅದು ಕಾಣೋದೂ ಇಲ್ಲ. ಜಾಕೆಟ್ ಮಾರುವವರು ಗ್ಯಾಸ್ ಉಳಿತಾಯದ ಮಾತು ಎತ್ತಿದರೆ ಚಹಾ ಕುಡಿಸಿ ಕಳಿಸಿ.

ಬರೀ ನೀರಿನ ಪರೀಕ್ಷೆ

ಗಂಜಿ ಕೆಡಿಸೋದು ಬೇಡ ಅಂತ ನೀರಲ್ಲಿ ನೋಡಿದೆವು. ಡಬರಿಯ ಅಗಲ 40 ಸೆಂಟಿಮೀಟರ್, ಎತ್ತರವೂ ಅಷ್ಟೇ. 40 ಲೀಟರ್ ನೀರು, 66 ಡಿಗ್ರಿಯಿಂದ ಶುರು, ಒಂದು ತಾಸು. ಫ್ಯಾನ್ ಬಂದ್, ಕೋಣೆ 30.

ಬಾಯಿ ತೆರೆದಿಟ್ಟರೆ 58. ಸುಮ್ನೆ ಮುಚ್ಚಳ ಮುಚ್ಚಿದರೆ 62 ಚಿಲ್ಲರೆ. ನಾಲ್ಕು ಡಿಗ್ರಿ ಪುಕ್ಕಟೆ! ಹಬೆಯಾಗಿ ಹೋಗುವ ನೀರು ಎಷ್ಟು ಶಾಖ ಹೊತ್ತೊಯ್ಯುತ್ತದೆ ಅನ್ನೋದು ನನಗೆ ಗೊತ್ತಿದ್ದದ್ದೇ, ಆದರೂ ಎದುರಿಗೆ ನೋಡಿದಾಗ ಆಶ್ಚರ್ಯ ಆಯಿತು. ಉಳಿದಿದ್ದ ಬಬಲ್ ಹಾಳೆ ಸುತ್ತಿದಾಗ ಸಿಕ್ಕಿದ್ದು ಇನ್ನೊಂದೇ ಡಿಗ್ರಿ. ಅದರ ಹೊಳಪು ಕೆಲಸ ಮಾಡಬೇಕಾದರೆ ಎದುರಿಗೆ ಸ್ವಲ್ಪ ಗಾಳಿಯ ಜಾಗ ಬೇಕು. ಬಿಗಿಯಾಗಿ ಅಂಟಿಸಿ ಸುತ್ತಿದರೆ ಒಳಮೈ ಹೊಳಪು ದಂಡ. ಮೇಲಾಗಿ ಹೊಳೆಯುವ ಸ್ಟೀಲ್ ತಾನೇ ಶಾಖ ಸೂಸೋದು ಕಡಿಮೆ.

ಆಮೇಲೆ ಎರಡು ಹೊದಿಕೆ ನೋಡಿದೆವು. ಒಂದು ನೈಟ್ರೈಲ್ ರಬ್ಬರ್ ಹಾಳೆ, 19 ಮಿಲಿಮೀಟರ್ ದಪ್ಪದ್ದು. ಏಸಿ ಪೈಪಿನ ಮೇಲೆ ಕರಿ ರಬ್ಬರ್ ಇರ್ತದಲ್ಲ, ಅದೇ ಮಾಲು, ಹಾಳೆ ರೂಪದಲ್ಲಿ. ಇನ್ನೊಂದು ಅಕ್ಕನ ಕೌದಿ, ಎರಡು ಮಡಿಕೆ ಮಾಡಿದ್ದು. ರಬ್ಬರಿಗೆ ತಾಸಿನ ಕೊನೆಗೆ 64.7. ಕೌದಿಗೆ 64.5.

ಅಕ್ಕ ನನ್ನ ಮುಖ ನೋಡಿದಳು. ನಾನು ಕಿಟಕಿ ಕಡೆ ನೋಡಿದೆ.

ಅದರಲ್ಲಿ ಮಾಯ ಏನಿಲ್ಲ. ಶಾಖ ತಡೆಯೋದು ಒಳಗೆ ಸಿಕ್ಕಿಬಿದ್ದ ಗಾಳಿ. ರಬ್ಬರಿನಲ್ಲಿ ಅದು ಮುಚ್ಚಿದ ಗುಳ್ಳೆಗಳಲ್ಲಿದೆ, ಕೌದಿಯಲ್ಲಿ ಹಳೇ ಸೀರೆ ಧೋತರಗಳ ಪದರಗಳ ನಡುವೆ ಇದೆ. ವ್ಯತ್ಯಾಸ ತಿಳಿಯೋದು ಒದ್ದೆಯಾದಾಗ. ಗಾಳಿಗಿಂತ ನೀರು 20 ಪಟ್ಟಿಗೂ ಜಾಸ್ತಿ ಶಾಖ ಸಾಗಿಸುತ್ತದೆ. ಮುಚ್ಚಳದ ಅಂಚಿನಿಂದ ಬರುವ ಹಬೆಗೆ ಕೌದಿ ಅರ್ಧ ತಾಸಿಗೆ ತೇವ ಆಗಿತ್ತು. ರಬ್ಬರ್ ನೀರು ಕುಡಿಯೋದಿಲ್ಲ, ಒರೆಸಿದರೆ ಮುಗೀತು.

ಎರಡು ಪದರ ರಬ್ಬರ್ ಹಾಕಿದರೆ ಇನ್ನೂ ಛೊಲೊ ಅಲ್ವಾ ಅಂತ ಹುಡುಗ ಕೇಳಿದ. ದಪ್ಪ ಇಮ್ಮಡಿ ಮಾಡಿದರೂ ಒಂದು ತಾಸಿಗೆ ಸಿಗೋದು ಅರ್ಧ ಡಿಗ್ರಿಗಿಂತ ಕಡಿಮೆ. ಆ ದುಡ್ಡಿಗೆ ರಾಗಿ ತಗೋ ಅಂದೆ. ಥರ್ಮೋಕೋಲ್ ಬಗ್ಗೆಯೂ ಕೇಳಿದ. 80 ದಾಟಿದರೆ ಮೆತ್ತಗಾಗಿ ಕುಗ್ಗುತ್ತದೆ, ಬೆಂಕಿಯ ಹತ್ತಿರ ಅದರ ಸುದ್ದಿಯೇ ಬೇಡ.

ಇದೆಲ್ಲಕ್ಕಿಂತ ಚೆನ್ನಾಗಿ ಬಿಸಿ ಹಿಡಿದದ್ದು ಇನ್ನೊಂದಿದೆ. ಮಾನ್ವಿ, ಸಿಂಧನೂರು ಕಡೆ ರೈಸ್ ಮಿಲ್ಲಿನಲ್ಲಿ ಬೀಳುವ ಭತ್ತದ ಹೊಟ್ಟು. ಅಕ್ಕನ ಮನೆ ಹಿಂದೆ ಎರಡು ಚೀಲ ಇತ್ತು. ದೊಡ್ಡ ಡ್ರಮ್ಮಿನಲ್ಲಿ ಹೊಟ್ಟು ತುಂಬಿ, ನಡುವೆ ಡಬರಿ ಕೂರಿಸಿ, ಮೇಲೂ ಒಂದು ಚೀಲ ಹೊಟ್ಟು ಹೇರಿದರೆ ತಾಸಿಗೆ ಅರ್ಧ ಡಿಗ್ರಿಯೂ ಇಳಿಯಲಿಲ್ಲ. ತಳಕ್ಕೂ ಹೊದಿಕೆ ಸಿಗೋದು ಇದರಲ್ಲಿ ಮಾತ್ರ. ಆದರೆ ಭಟ್ಟಿಯಿಂದ ಡ್ರಮ್ಮಿಗೆ ಹೋಗಬೇಕಾದರೆ 45 ಕೆಜಿ ಬಿಸಿ ಗಂಜಿಯನ್ನು ಇಬ್ಬರು ಹಿಡಿದು ಎತ್ತಬೇಕು. ಬೆಳಗಿನ ಜಾವ, ಒದ್ದೆ ನೆಲ, ಅಕ್ಕನ ವಯಸ್ಸು ಅರವತ್ತರ ಮೇಲೆ. ನೀರು ಇದ್ದಾಗಲೇ ನಮ್ಮ ಕೈ ನಡುಗಿತ್ತು. ಅಂಕಿಯಲ್ಲಿ ಗೆದ್ದದ್ದನ್ನು ಅಲ್ಲಿಗೇ ಬಿಟ್ಟೆವು.

ಕೊನೆಗೆ ಆರಿಸಿದ್ದು

ಹೊಟ್ಟೆಗೆ ನೈಟ್ರೈಲ್ ರಬ್ಬರ್. ಅದು 105 ಡಿಗ್ರಿ ತನಕ ತಾಳುತ್ತದೆ, ಹಾಗಂತ ಉರಿಯ ಜೊತೆ ಇಡುವಂತಿಲ್ಲ. ಗ್ಯಾಸ್ ಆರಿಸಿ, ತಣ್ಣೀರು ಹೊಯ್ದು, ರಾಗಿ ಕಲಸಿ ಸುರಿಯುವಷ್ಟರಲ್ಲಿ ಬರ್ನರಿನ ಕಾವು ತಗ್ಗುತ್ತದೆ. ಆಗ ಸುತ್ತೋದು. ಕೆಳಗೆ ನಾಲ್ಕು ಬೆರಳು ಬರಿದೇ ಬಿಡೋದು. ಹಾಳೆಯನ್ನು ಡಬರಿಗೆ ಅಂಟಿಸಲಿಲ್ಲ. ಹೊರಗೆ ಕಾಟನ್ ಬಟ್ಟೆ ಹೊಲಿದು, ಎರಡು ಪಟ್ಟಿ ಹಚ್ಚಿ, ಸ್ಕೂಲ್ ಬ್ಯಾಗಿಗೆ ಇರುವಂಥ ಬಕಲ್ ಹಾಕಿಸಿದೆವು. ಬಿಚ್ಚೋದು ಎರಡು ಸೆಕೆಂಡಿನ ಕೆಲಸ ಆಗಿರಬೇಕು ಅಂತ ನಾನು ಹಟ ಹಿಡಿದೆ. ಕಷ್ಟದ ಗಂಟು ಇದ್ದರೆ ನಿದ್ದೆಗಣ್ಣಲ್ಲಿ ಬಿಚ್ಚದೆಯೇ ಭಟ್ಟಿ ಹಚ್ಚುತ್ತಾನೆ, ನನಗೆ ಗೊತ್ತು.

ಮುಚ್ಚಳಕ್ಕೆ ಅಕ್ಕನ ಕೌದಿಯೇ. ಗುಂಡಗೆ ಕತ್ತರಿಸಿ, ಅಂಚು ಕೆಳಗೆ ಇಳಿಬೀಳುವ ಹಾಗೆ ಹೊಲಿದಳು. ನೋಡಿದರೆ ಥೇಟ್ ಕೂಸಿನ ತಲೆಗೆ ಹಾಕುವ ಕುಂಚಿಗಿ. ಅದೇ ಹೆಸರು ನಿಂತಿತು. ಹಬೆಗೆ ತೇವ ಆಗದಿರಲಿ ಅಂತ ಮುಚ್ಚಳಕ್ಕೂ ಕುಂಚಿಗಿಗೂ ನಡುವೆ ಅಡುಗೆಯ ಅಲ್ಯೂಮಿನಿಯಂ ಫಾಯಿಲ್ ಒಂದು ಪದರ. ಕುಂಚಿಗಿ ಎರಡು ಇವೆ, ಒಂದು ಬಿಸಿಲಲ್ಲಿ, ಒಂದು ಡಬರಿ ಮೇಲೆ. ಮುಚ್ಚಳದಲ್ಲಿ ಥರ್ಮಾಮೀಟರ್ ಕಡ್ಡಿ ಇಳಿಯುವಷ್ಟೇ ಒಂದು ತೂತು ಕೊರೆಸಿದೆ. ಇಣುಕುವ ಚಟಕ್ಕೆ ಇದೇ ಔಷಧ. ಎಲ್ಲ ಸೇರಿ ಎರಡು ಸಾವಿರದ ಒಳಗೆ ಮುಗಿಯಿತು.

ಈಗ ರಾಗಿ ಸುರಿಯೋದು 69ಕ್ಕೆ. ಹೊದ್ದು ಕೂತ ಮೇಲೆ 65, ತಾಸಿನ ಕೊನೆಗೆ 63 ಚಿಲ್ಲರೆ. ನಡುವೆ ಎರಡೇ ಸಲ ತಿರುವೋದು. ಭಟ್ಟಿಯ ಸುದ್ದಿ ಇಲ್ಲ. ರುಚಿ ದಿನಾ ಒಂದೇ ಆಯಿತು. ಹುಡುಗನಿಗಿಂತ ಮೊದಲು ಅದನ್ನು ಗುರುತಿಸಿದ್ದು ಅವನ ಗಾಡಿಗೆ ದಿನಾ ಬರುವ ಒಬ್ಬ ಹಮಾಲರು.

ಕುಂಚಿಗಿಯ ಇನ್ನೊಂದು ಮುಖ

ಮೇ ತಿಂಗಳಲ್ಲಿ ಒಂದು ಮದುವೆ. ಬೆಳಿಗ್ಗೆ ಅಂಬಲಿಯನ್ನು ಕೊನೆ ಸಲ ಕುದಿಸಿ, ಹತ್ತು ಲೀಟರ್ ಡಬರಿಯಲ್ಲೇ ಉಳಿಸಿ, ನೊಣ ಧೂಳು ಬೀಳದಿರಲಿ ಅಂತ ಹುಡುಗ ರಬ್ಬರು ಕುಂಚಿಗಿ ಎಲ್ಲಾ ಹೊದಿಸಿ ಹೋದ. ಮಧ್ಯಾಹ್ನ ಬಂದು ತೆಗೆದರೆ ಉಗುರುಬೆಚ್ಚಗೆ, ಹುಳಿ ವಾಸನೆ. "ಕುದಿಸಿದ್ದೆ ಮಾಮಾ, ಆದ್ರೂ ಹೆಂಗ ಕೆಟ್ಟಿತು?"

ಕುದಿಸಿದರೂ ಕೆಲವು ಬ್ಯಾಕ್ಟೀರಿಯಾಗಳ ಬೀಜ ಬದುಕಿರುತ್ತದೆ. 60ರ ಮೇಲೆ ಇರೋತನಕ ಅವು ಮಲಗಿರುತ್ತವೆ. ಅಲ್ಲಿಂದ ಕೆಳಗೆ ಉಗುರುಬೆಚ್ಚಗಿನ ತನಕ ಇಳಿಯುವ ದಾರಿಯಲ್ಲಿ ಎದ್ದು ಬೆಳೆಯುತ್ತವೆ. ಆ ದಾರಿಯನ್ನು ಬೇಗ ದಾಟಿಸಬೇಕು. ನಾವು ಹೊದಿಸಿ ಹೊದಿಸಿ ಅದನ್ನೇ ಉದ್ದ ಮಾಡಿದ್ದೆವು. ಅವತ್ತಿನಿಂದ ಕುದಿಸಿದ ಕೂಡಲೇ ಅಂಬಲಿಯನ್ನು ಸಣ್ಣ ಪಾತ್ರೆಗಳಿಗೆ ಹಂಚಿ, ದೊಡ್ಡ ಟಬ್ಬಿನ ತಣ್ಣೀರಿನಲ್ಲಿ ಇಟ್ಟು, ನೀರು ಎರಡು ಸಲ ಬದಲಿಸಿ ಆರಿಸುತ್ತಾರೆ. ಬರಿ ಸ್ಟೀಲ್, ಏನೂ ಹೊದಿಕೆ ಇಲ್ಲ.

ಪೂರ್ತಿ ತಣ್ಣಗಾದ ಮೇಲೆ ಐಸ್ ಜೊತೆ ಗಾಡಿಯ ಕ್ಯಾನಿಗೆ ತುಂಬುವಾಗ ಮಾತ್ರ ಆ ಕರಿ ರಬ್ಬರ್ ಮತ್ತೆ ಹೊರಗೆ ಬರುತ್ತದೆ. 42 ಡಿಗ್ರಿ ಬಿಸಿಲಲ್ಲಿ ಕ್ಯಾನಿನ ಸುತ್ತ ಅದನ್ನು ಕಟ್ಟುತ್ತಿದ್ದ ಮಗನನ್ನು ಅಕ್ಕ ನಿಲ್ಲಿಸಿ ಕೇಳಿದಳು, "ಬೆಳಿಗ್ಗೆ ಬಿಸಿ ಇರ್ಲಿ ಅಂತ ಹೊಚ್ಚಿದ್ದಿ. ಈಗ ಅದನ್ನೇ ತಣ್ಣಗ ಇರ್ಲಿ ಅಂತ ಹೊಚ್ಚತಿ. ಒಂದಕ್ಕರ ಸುಳ್ಳು ಹೇಳ್ತೀ ನೋಡು."

ಅವನು ನನ್ನ ಕಡೆ ಕೈ ತೋರಿಸಿ ಗಾಡಿ ನೂಕಿಕೊಂಡು ಹೋದ.